ಎರಡನೆಯ ವಚನವೋ, ಐದನೆಯ ವಚನವೋ?



ಹೋದ ತಿಂಗಳ ಕಡೇ ಭಾನುವಾರ ಸಂಜೆ ನಮ್ಮ ಲೈನಿನ ಕೂಟದಲ್ಲಿ ಹಾಡು, ಪ್ರಾರ್ಥನೆ ಎಲ್ಲ ಮುಗಿದ ಮೇಲೆ ಸಹಾಯ ನಿಧಿಯ ಮಾತು ಎದ್ದಿತು. ನಿಧಿ ಎಂದರೆ ದೊಡ್ಡದೇನೂ ಅಲ್ಲ. ಮನೆಮನೆಯಿಂದ ಕೂಡಿಸಿದ ಹಿಡಿ ಅಕ್ಕಿ ಮಾರಿದ ದುಡ್ಡು, ಸುಗ್ಗಿಯ ಹಬ್ಬದ ಹರಾಜಿನಲ್ಲಿ ಬಂದದ್ದರಲ್ಲಿ ಉಳಿದದ್ದು, ಅಷ್ಟೇ. ಅದರಿಂದ ಸಹಾಯ ಕೇಳಿದವಳು ಒಬ್ಬ ತಾಯಿ. ಆಕೆಯ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಪರೀಕ್ಷೆಯ ಫೀಸು ಕಟ್ಟಬೇಕು. ಆಕೆಯ ಗಂಡ ನಮ್ಮ ಸಭೆಯವನೇ. ಹೆಸರು ಇಲ್ಲಿ ಬೇಡ. ಈ ಪತ್ರಿಕೆ ಓದುವವರಲ್ಲಿ ಅರ್ಧ ಜನಕ್ಕೆ ಅವನು ಗೊತ್ತು, ಉಳಿದವರಿಗೆ ತಮ್ಮ ತಮ್ಮ ಲೈನಿನಲ್ಲೇ ಅಂಥವನೊಬ್ಬ ಸಿಗುತ್ತಾನೆ. ಕುಡಿತಕ್ಕೆ ಬಿದ್ದು ಅಂಗಡಿ ಸಾಲ, ಕೈಸಾಲ, ಬಡ್ಡಿ ಸಾಲ ಎಲ್ಲ ಮಾಡಿದ್ದಾನೆ. ಹೆಂಡತಿಯ ಓಲೆ ಅಡವಿಗೆ ಹೋಗಿ ಎರಡು ವರ್ಷವಾಯಿತು. ಈಗ ಎರಡು ತಿಂಗಳಿಂದ ಕುಡಿದಿಲ್ಲ ಎನ್ನುತ್ತಾರೆ. ಹಿಂದೆಯೂ ಎರಡು ತಿಂಗಳು ಬಿಟ್ಟಿದ್ದುಂಟು.

ಸಭೆಯ ಹಿರಿಯರೊಬ್ಬರು ಎದ್ದು ಗಲಾತ್ಯದವರಿಗೆ ಬರೆದ ಪತ್ರಿಕೆ ತೆಗೆದರು. ಆರನೆಯ ಅಧ್ಯಾಯದ ಐದನೆಯ ವಚನ ಓದಿದರು. ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂಬ ಅರ್ಥದ ಮಾತು ಅದು. “ದೇವರ ವಾಕ್ಯವೇ ಹೇಳಿದ ಮೇಲೆ ನಾವು ಹೇಳುವುದೇನಿದೆ?” ಎಂದು ಕೂತರು. ಹಿಂದಿನ ಸಾಲಿನಿಂದ ಎಲೆ ಕೀಳುವ ಅಕ್ಕ ಒಬ್ಬರು, “ಅಣ್ಣ, ಅದೇ ಅಧ್ಯಾಯದ ಎರಡನೆಯ ವಚನ ಸ್ವಲ್ಪ ಓದಿರಿ” ಎಂದರು. ಅಲ್ಲಿ ಪೌಲನು ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕು, ಅದೇ ಕ್ರಿಸ್ತನ ನಿಯಮ ಎಂದು ಹೇಳಿದ್ದಾನೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಗ ಕೊಯಮತ್ತೂರಿನಲ್ಲಿ ಓದಿ ಬಂದ ಹುಡುಗನೊಬ್ಬ ನಕ್ಕುಬಿಟ್ಟ. “ಒಂದೇ ಕಾಗದ, ಒಂದೇ ಕೈಬರಹ, ನಡುವೆ ಎರಡೇ ವಚನ. ಅಷ್ಟರಲ್ಲೇ ಪೌಲ ತನ್ನ ಮಾತು ತಾನೇ ಮರೆತನೋ?” ಎಂದು ಕೇಳಿದ. ಹಿರಿಯರಿಗೆ ಸಿಟ್ಟು ಬಂತು. ಇದು ಸೈತಾನನ ಪ್ರಶ್ನೆ, ಬಾಯಿ ಮುಚ್ಚು ಎಂದರು. ಹುಡುಗ ಎದ್ದುಹೋದ. ಆ ತಾಯಿಯೂ ಸೆರಗು ಸರಿಮಾಡಿಕೊಂಡು ಎದ್ದುಹೋದಳು. ನಿಧಿಯ ವಿಷಯ ತೀರ್ಮಾನವಾಗಲಿಲ್ಲ.

ನಾವೂ ಅಲ್ಲೇ ಇದ್ದೆವು. ನಾವೂ ಸುಮ್ಮನೆ ಕೂತೆವು. ಅದಕ್ಕಾಗಿಯೇ ಇದನ್ನು ಬರೆಯಬೇಕಾಯಿತು.

ಮೊದಲು ಆ ಹುಡುಗನ ಪ್ರಶ್ನೆ. ಅದು ಸೈತಾನನ ಪ್ರಶ್ನೆಯಲ್ಲ, ಸತ್ಯವೇದವನ್ನು ಮನಸ್ಸಿಟ್ಟು ಓದಿದ ಎಲ್ಲರಿಗೂ ಬಂದ ಪ್ರಶ್ನೆ. ನಮಗಿಂತ ಬಹಳ ಹಿಂದೆ ಬಂದಿತ್ತು. ಯೆಹೂದ್ಯರ ತಾಲ್ಮುದ್ ಎಂಬ ದೊಡ್ಡ ಗ್ರಂಥದಲ್ಲಿ ಹೀಗೊಂದು ಸಂಗತಿ ಇದೆ. ಜ್ಞಾನೋಕ್ತಿಗಳ ಪುಸ್ತಕವನ್ನೇ ಜನರ ಕೈಗೆ ಸಿಗದಂತೆ ಎತ್ತಿಡಬೇಕೆಂದು ಹಿಂದಿನ ಜ್ಞಾನಿಗಳು ಆಲೋಚಿಸಿದರಂತೆ. ಕಾರಣ, ಅದರ 26ನೆಯ ಅಧ್ಯಾಯದ 4 ಮತ್ತು 5ನೆಯ ವಚನಗಳು. ಒಂದು ವಚನ ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ, ಅದರ ಬೆನ್ನಿಗೇ ಬರುವ ವಚನ ಕೊಡು ಎನ್ನುತ್ತದೆ. ಕಡೆಗೆ ಅವರು ಪುಸ್ತಕವನ್ನು ಎತ್ತಿಡಲಿಲ್ಲ. ಒಂದು ಮಾತು ಧರ್ಮಶಾಸ್ತ್ರದ ವಿಷಯಕ್ಕೆ, ಇನ್ನೊಂದು ಲೋಕದ ವ್ಯವಹಾರಕ್ಕೆ ಎಂದು ಬಿಡಿಸಿಕೊಂಡರು. ಆ ಬಿಡಿಸಿಕೆ ಸರಿಯೋ ಅಲ್ಲವೋ, ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಈ ಎರಡು ವಚನಗಳು ಬೇರೆ ಬೇರೆ ಮೂಲೆಯಲ್ಲಿ ಬಿದ್ದಿದ್ದು ಯಾರೋ ಕಾಣದೆ ಹೋದದ್ದಲ್ಲ. ಅವನ್ನು ಕೂಡಿಸಿದವನು ಕಣ್ಣಿಟ್ಟು, ಬೇಕೆಂದೇ, ಪಕ್ಕಪಕ್ಕದಲ್ಲಿ ಕೂರಿಸಿದ್ದಾನೆ. ಕುಡಿದು ಬಂದು ಜಗಳ ತೆಗೆಯುವವನಿಗೆ ಒಂದು ದಿನ ಉತ್ತರ ಕೊಡಬೇಕಾಗುತ್ತದೆ, ಇನ್ನೊಂದು ದಿನ ಬಾಗಿಲು ಹಾಕಿ ಸುಮ್ಮನಿರಬೇಕಾಗುತ್ತದೆ. ಯಾವ ದಿನ ಯಾವುದು ಎಂಬುದನ್ನು ಆ ಮನೆಯ ಹೆಂಗಸು ತಾನೇ ನೋಡಿ ತಿಳಿಯಬೇಕು.

ಇನ್ನು ಗಲಾತ್ಯದವರ ಪತ್ರಿಕೆಗೆ ಬರೋಣ.

ಪೌಲನು ಈ ಪತ್ರಿಕೆ ಬರೆದಾಗ ಅದರಲ್ಲಿ ಎರಡನೆಯ ವಚನವೂ ಇರಲಿಲ್ಲ, ಐದನೆಯ ವಚನವೂ ಇರಲಿಲ್ಲ. ಅದೊಂದು ಕಾಗದ. ಮೊದಲಿಂದ ಕಡೆಯವರೆಗೆ ಸಭೆಯಲ್ಲಿ ಒಬ್ಬನು ಓದುತ್ತಿದ್ದನು, ಉಳಿದವರು ಕೇಳುತ್ತಿದ್ದರು. ಹೊಸ ಒಡಂಬಡಿಕೆಗೆ ಈಗ ನಾವು ಬಳಸುವ ವಚನಗಳ ಅಂಕೆಯನ್ನು ಹಾಕಿ ಅಚ್ಚು ಮಾಡಿದ್ದು 1551ರಲ್ಲಿ, ಜಿನೀವಾ ಪಟ್ಟಣದ ರೋಬರ್ಟ್ ಎಸ್ತಿಯೆನ್ ಎಂಬ ಮುದ್ರಕ. ಹುಡುಕಲು ಅನುಕೂಲ, ಬೇಡವೆನ್ನುವುದಿಲ್ಲ. ಆದರೆ ಅಂಕೆ ಬಂದ ಮೇಲೆ ನಮಗೊಂದು ಕೆಟ್ಟ ಅಭ್ಯಾಸ ಅಂಟಿತು. ಒಂದು ಅಂಕೆಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರೆ ಇಡೀ ಕಾಗದವೇ ಕೈಗೆ ಬಂತೆಂದು ತಿಳಿಯುತ್ತೇವೆ.

ಹಾಗಾದರೆ ಕಾಗದ ಎಲ್ಲಿಂದ ಹೊರಡುತ್ತದೆ? ಆರನೆಯ ಅಧ್ಯಾಯದ ಮೊದಲನೆಯ ವಚನದಿಂದ. ಅಂದು ಕೂಟದಲ್ಲಿ ಅದನ್ನು ಯಾರೂ ಓದಲಿಲ್ಲ! ಯಾರಾದರೂ ಒಂದು ತಪ್ಪಿನಲ್ಲಿ ಸಿಕ್ಕಿಬಿದ್ದರೆ ಅವನನ್ನು ಸಾತ್ವಿಕ ಮನಸ್ಸಿನಿಂದ ಸರಿಮಾಡಿರಿ, ನಿಮಗೂ ಅದೇ ಗತಿ ಬರದಂತೆ ನೋಡಿಕೊಳ್ಳಿರಿ ಎಂದು ಅಲ್ಲಿದೆ. ‘ಸರಿಮಾಡಿರಿ’ ಎಂಬಲ್ಲಿ ಪೌಲನು ಹಾಕಿರುವ ಗ್ರೀಕ್ ಮಾತು, ಮತ್ತಾಯನ ನಾಲ್ಕನೆಯ ಅಧ್ಯಾಯದಲ್ಲಿ ಜೆಬೆದಾಯನ ಮಕ್ಕಳು ದೋಣಿಯಲ್ಲಿ ಕೂತು ಹರಿದ ಬಲೆಯನ್ನು ಸರಿಮಾಡುತ್ತಿದ್ದರೆಂದು ಹೇಳುವಲ್ಲಿ ಬರುವ ಮಾತೇ. ಹರಿದ ಬಲೆಯನ್ನು ಬೈದು ಮೂಲೆಗೆ ಎಸೆದರೆ ನಾಳೆ ಮೀನಿಲ್ಲ. ಇದಾದ ಕೂಡಲೇ ಒಬ್ಬರ ಭಾರ ಒಬ್ಬರು ಹೊರುವ ಮಾತು ಬರುತ್ತದೆ. ಅಂದರೆ ಪೌಲನ ಮನಸ್ಸಿನಲ್ಲಿದ್ದ ಭಾರ ಯಾವ ತಪ್ಪೂ ಮಾಡದವನ ಮೇಲೆ ಅಕಸ್ಮಾತ್ತಾಗಿ ಬಿದ್ದ ಭಾರವಲ್ಲ. ತಾನೇ ಕಾಲುಜಾರಿ ಬಿದ್ದವನ ಭಾರ. “ಅವನೇ ಮಾಡಿಕೊಂಡದ್ದು, ಅವನೇ ಅನುಭವಿಸಲಿ” ಎಂದು ನಾವು ಹೇಳುವ ಜಾಗದಲ್ಲೇ, ಅಂಥವನನ್ನೇ ಮುಂದಿಟ್ಟುಕೊಂಡು, ಪೌಲನು ಹೊರಿರಿ ಎನ್ನುತ್ತಾನೆ.

ಮುಂದೆ ಮೂರು, ನಾಲ್ಕನೆಯ ವಚನಗಳಲ್ಲಿ ಕಾಗದ ತಿರುಗುತ್ತದೆ. ಇಲ್ಲಿಯವರೆಗೆ ಬಿದ್ದವನ ಮಾತಾಗಿತ್ತು. ಇನ್ನು ಎತ್ತಲು ಬಂದವನ ಮಾತು. ಏನೂ ಅಲ್ಲದವನು ತಾನು ಏನೋ ಆಗಿದ್ದೇನೆಂದು ಎಣಿಸಿದರೆ ತನ್ನನ್ನೇ ಮೋಸಮಾಡಿಕೊಳ್ಳುತ್ತಾನೆ, ಪ್ರತಿಯೊಬ್ಬನೂ ತನ್ನ ಕೆಲಸವನ್ನು ತಾನು ಪರೀಕ್ಷೆ ಮಾಡಿಕೊಳ್ಳಲಿ, ಇನ್ನೊಬ್ಬನ ಜೊತೆ ಹೋಲಿಸಿ ಹಿಗ್ಗುವುದು ಬೇಡ ಎನ್ನುತ್ತಾನೆ. ಇದಕ್ಕೆ ಕಾರಣವಾಗಿ ಐದನೆಯ ವಚನ. ಅಲ್ಲಿ ‘ಹೊರುವನು’ ಎಂದು ಮುಂದೆ ಬರುವ ಕಾಲದ ಮಾತು. ಪಕ್ಕದವನು ಬಿದ್ದಿದ್ದಾನೆಂದ ಮಾತ್ರಕ್ಕೆ ನಾನು ನಿಂತವನಾಗುವುದಿಲ್ಲ, ದೇವರ ಮುಂದೆ ನನ್ನ ಲೆಕ್ಕ ನಾನೇ ಕೊಡಬೇಕು ಎಂದು ಇದರ ಅರ್ಥ. ಎಲೆ ತೂಗುವಾಗ ಪಕ್ಕದ ಸಾಲಿನವಳ ಚೀಲ ಹಗುರವಾಯಿತೆಂದು ನಮ್ಮ ಚೀಲದ ತೂಕ ಏರುವುದುಂಟೇ?

ಹೀಗೆ ನೋಡಿದರೆ ಆ ಹಿರಿಯರು ಓದಿದ ವಚನ ಆ ಕುಡುಕನಿಗೆ ಹೇಳಿದ್ದಲ್ಲ. ಅದು ಆ ಹಿರಿಯರಿಗೆ ಹೇಳಿದ್ದು, ನಮಗೆ ಹೇಳಿದ್ದು. ಅವರ ಮೇಲೆ ನಮಗೆ ಗೌರವವಿದೆ, ಅವರ ಕೈಯಲ್ಲೇ ನಮ್ಮ ಮಕ್ಕಳು ಸತ್ಯವೇದ ಕಲಿತರು; ಆದರೂ ಇದನ್ನು ಹೇಳದೆ ಇರಲಾರೆವು.

ಕೆಲವು ಬೋಧಕರು ಇದನ್ನು ಇನ್ನೂ ಸುಲಭವಾಗಿ ಬಿಡಿಸುತ್ತಾರೆ. ಎರಡನೆಯ ವಚನದಲ್ಲಿ ಗ್ರೀಕಿನ ‘ಬಾರೊಸ್’ ಎಂಬ ಪದ, ಐದನೆಯದರಲ್ಲಿ ‘ಫೊರ್ತಿಯೊನ್’ ಎಂಬ ಪದ, ಬಾರೊಸ್ ಎಂದರೆ ಜಜ್ಜುವ ಭಾರ, ಫೊರ್ತಿಯೊನ್ ಎಂದರೆ ಅವನವನು ಹೊರಬಹುದಾದ ಹೊರೆ, ಮುಗಿಯಿತು ಎನ್ನುತ್ತಾರೆ. ಪದಗಳು ಬೇರೆ ಬೇರೆ ಎಂಬುದು ನಿಜ. ಅನುವಾದದಲ್ಲಿ ಅದು ಮುಚ್ಚಿಹೋಗುವುದೂ ನಿಜ. 1611ರ ಇಂಗ್ಲಿಷ್ ಬೈಬಲಿನಲ್ಲಿ ಎರಡು ಕಡೆಗೂ ಒಂದೇ ಪದ, ನಮ್ಮ ಮಕ್ಕಳು ಶಾಲೆಯ ದೆಸೆಯಿಂದ ಓದಲು ಕಲಿತ ಹಳೆಯ ತಮಿಳು ಬೈಬಲಿನಲ್ಲೂ ಎರಡು ಕಡೆ ‘ಬಾರಂ’ ಎಂದೇ ಇದೆ. ಕನ್ನಡದಲ್ಲಿ ಭಾರ ಎಂದರೂ ಹೊರೆ ಎಂದರೂ ಹೊರುವವನ ಕುತ್ತಿಗೆಗೆ ಒಂದೇ. ಆದರೆ ಪದ ಒಂದರಿಂದಲೇ ಗಂಟು ಬಿಚ್ಚುವುದಿಲ್ಲ. ಮತ್ತಾಯನ 11ನೆಯ ಅಧ್ಯಾಯದಲ್ಲಿ ಯೇಸು ನನ್ನ ಹೊರೆ ಹಗುರ ಎಂದು ಹೇಳುವಾಗ ಬರುವುದು ಫೊರ್ತಿಯೊನ್, ಸರಿಯೇ. 23ನೆಯ ಅಧ್ಯಾಯದಲ್ಲಿ ಫರಿಸಾಯರು ಹೊರಲಾಗದ ಹೊರೆ ಕಟ್ಟಿ ಜನರ ಹೆಗಲಿಗೆ ಏರಿಸಿ, ತಾವು ಒಂದು ಬೆರಳಿನಿಂದಲೂ ಮುಟ್ಟುವುದಿಲ್ಲ ಎನ್ನುವಾಗಲೂ ಅದೇ ಪದ. ಹಾಗಾಗಿ ಪದಕೋಶ ತೋರಿಸಿ ಬಾಯಿ ಮುಚ್ಚಿಸುವವರ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ.

ಆದರೂ ಬಾರೊಸ್ ಎಂಬ ಪದ ಇನ್ನೊಂದು ಕಡೆ ಬರುವುದನ್ನು ನಮ್ಮ ಜನ ತಿಳಿದಿರಬೇಕು. ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷೇತೋಟದ ಕೂಲಿಯಾಳುಗಳು, ಬೆಳಗಿನಿಂದ ದುಡಿದವರು, ಸಂಜೆ ಯಜಮಾನನ ಮುಂದೆ ಗೊಣಗುತ್ತಾರಲ್ಲ, ದಿನದ ಭಾರವನ್ನೂ ಬಿಸಿಲನ್ನೂ ನಾವು ಹೊತ್ತೆವು ಎಂದು, ಆ ಭಾರವೇ ಬಾರೊಸ್. ಹೊಸ ಒಡಂಬಡಿಕೆಯಲ್ಲಿ ಈ ಮಾತನ್ನು ಕೂಲಿಯವರ ಬಾಯಲ್ಲೇ ಹಾಕಿದೆ. ಹೊರೆ ಎಂದರೇನು ಎಂಬುದನ್ನು ನಮಗೆ ಯಾರೂ ಗ್ರೀಕಿನಲ್ಲಿ ಕಲಿಸಬೇಕಾಗಿಲ್ಲ.

ಎಲೆಯ ಚೀಲವಾಗಲಿ, ಸೌದೆಯ ಹೊರೆಯಾಗಲಿ, ನಮ್ಮಲ್ಲಿ ಒಬ್ಬಳೇ ಎತ್ತಿ ತಲೆಗೇರಿಸಿಕೊಳ್ಳುವವಳು ಯಾರು? ಎಷ್ಟು ಗಟ್ಟಿಗಿತ್ತಿಯಾದರೂ “ಅಕ್ಕ, ಸ್ವಲ್ಪ ಕೈ ಕೊಡು” ಎಂದು ಕರೆಯಲೇಬೇಕು. ಇಬ್ಬರು ಸೇರಿ ಎತ್ತಿ ಏರಿಸುತ್ತಾರೆ. ಏರಿಸಿದ ಮೇಲೆ ನಡೆಯುವವಳು ಅವಳೇ. ತೂಕದ ಶೆಡ್ಡಿನಲ್ಲಿ ಲೆಕ್ಕ ಬೀಳುವುದು ಅವಳ ಹೆಸರಿಗೇ. ಎರಡನೆಯ ವಚನ ಎಲ್ಲಿ ಮುಗಿಯಿತು, ಐದನೆಯದು ಎಲ್ಲಿ ಶುರುವಾಯಿತು? ಗುಡ್ಡದ ದಾರಿಯಲ್ಲಿ ದಿನಕ್ಕೆ ಎರಡು ಸಲ ಎರಡೂ ನಡೆಯುತ್ತವೆ, ಯಾರಿಗೂ ಅದರಲ್ಲಿ ವಿರೋಧ ಕಾಣುವುದಿಲ್ಲ. ಹಿಂದಿನವರು ಇದನ್ನು ಕಲ್ಲಿನಲ್ಲೇ ಮಾಡಿಟ್ಟಿದ್ದಾರೆ. ಹಳೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲು ನೆಟ್ಟು ಮೇಲೊಂದು ಕಲ್ಲು ಅಡ್ಡ ಇಟ್ಟಿರುವುದನ್ನು ಕಂಡಿರಬಹುದು. ತಮಿಳಿನವರು ಅದಕ್ಕೆ ಸುಮೈತಾಂಗಿ ಎನ್ನುತ್ತಾರೆ, ಮಲಯಾಳದಲ್ಲಿ ಅತ್ತಾಣಿ, ಚುಮಡುತಾಂಗಿ. ತಲೆಯ ಹೊರೆಯನ್ನು ಯಾರ ನೆರವೂ ಇಲ್ಲದೆ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ತಲೆಗೆ ಎಳೆದುಕೊಳ್ಳುವಷ್ಟು ಎತ್ತರಕ್ಕೆ ಅದನ್ನು ಕಟ್ಟಿರುತ್ತಾರೆ. ತಮಿಳುನಾಡಿನಲ್ಲಿ ಬಸುರಿಯಾಗಿ ತೀರಿಕೊಂಡ ಹೆಂಗಸಿನ ನೆನಪಿಗೆ ಇದನ್ನು ನೆಡುವ ಪದ್ಧತಿ ಇತ್ತು. ಆಕೆ ಇಳಿಸದೆ ಹೋದ ಹೊರೆಯ ನೆನಪಿಗೆ ದಾರಿಹೋಕರ ಹೊರೆ ಇಳಿಯಲಿ ಎಂದು. ಮಲಯಾಳದ ಮಾತಿನಲ್ಲಿ ಅತ್ತಾಣಿ ಎಂದರೆ ಈಗ ಆಸರೆ ಎಂದೇ ಅರ್ಥವಾಗಿದೆ. ಆ ಕಲ್ಲು ಯಾರ ಹೊರೆಯನ್ನೂ ಊರಿನವರೆಗೆ ಹೊತ್ತು ತಂದುಕೊಡುವುದಿಲ್ಲ. ಅದಿಲ್ಲದಿದ್ದರೆ ಹೊರೆ ಊರು ಸೇರುವುದೂ ಇಲ್ಲ.

ನಮ್ಮ ನಿಧಿಯಿಂದ ಆ ಗಂಡಸಿನ ಸಾಲವನ್ನೆಲ್ಲ ತೀರಿಸಿರಿ ಎಂದು ಯಾರೂ ಕೇಳಲಿಲ್ಲ. ತೀರಿಸಲು ಅಷ್ಟು ಹಣವೂ ಇಲ್ಲ. ಅವನ ಸಾಲ ಅವನೇ ತೀರಿಸಬೇಕು, ಅವನು ಕುಡಿತ ಬಿಡುವುದನ್ನು ಅವನ ಬದಲು ನಾವು ಬಿಡಲಾಗುವುದಿಲ್ಲ. ಕೇಳಿದ್ದು ಒಂದು ಪರೀಕ್ಷೆಯ ಫೀಸು, ಅದೂ ಮಗಳದು.

ಮಗಳ ಮಾತು ಬಂದದ್ದರಿಂದ ಇನ್ನೊಂದು ಜೋಡಿಯನ್ನೂ ನೋಡಬೇಕು. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ, ಹತ್ತು ಆಜ್ಞೆಗಳ ನಡುವೆಯೇ, ತಂದೆಗಳ ದೋಷ ಮಕ್ಕಳ ಮೇಲೆ ಮೂರು ನಾಲ್ಕು ತಲೆಗಳವರೆಗೆ ಬರುತ್ತದೆಂದು ಇದೆ. ಯೆಹೆಜ್ಕೇಲನ 18ನೆಯ ಅಧ್ಯಾಯ ಇದಕ್ಕೆ ನೇರ ಎದುರು. ಬಾಬೆಲಿಗೆ ಸೆರೆಹೋದ ಜನರು, ತಂದೆಗಳು ಹುಳಿದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತುಹೋಯಿತು ಎಂಬ ಗಾದೆಯನ್ನು ಹೇಳಿಕೊಂಡು ತಿರುಗುತ್ತಿದ್ದರು. ಇನ್ನು ಮುಂದೆ ಆ ಗಾದೆಯನ್ನು ಎತ್ತಲೇಬೇಡಿರಿ, ಮಗನು ತಂದೆಯ ದೋಷವನ್ನು ಹೊರುವುದಿಲ್ಲ ಎಂದು ಪ್ರವಾದಿಯ ಮೂಲಕ ಮಾತು ಬಂತು. ಹೀಗೆ ಯೆಹೆಜ್ಕೇಲನ ಪುಸ್ತಕದಲ್ಲಿ ಮೋಶೆಯ ಧರ್ಮಶಾಸ್ತ್ರಕ್ಕೆ ಎದುರಾದ ಮಾತುಗಳಿರುವುದರಿಂದ ಅದನ್ನೂ ಎತ್ತಿಡಬೇಕೆಂಬ ಆಲೋಚನೆ ಆಗ ಇತ್ತು. ಹನನ್ಯ ಬೆನ್ ಹಿಜ್ಕೀಯ ಎಂಬ ಪಂಡಿತನು ಮುನ್ನೂರು ಕೊಪ್ಪರಿಗೆ ದೀಪದ ಎಣ್ಣೆ ತರಿಸಿಕೊಂಡು, ಮೇಲುಕೋಣೆಯಲ್ಲಿ ಕೂತು, ಎರಡನ್ನೂ ಹೊಂದಿಸುವವರೆಗೆ ಎದ್ದೇಳಲಿಲ್ಲವೆಂದು ತಾಲ್ಮುದ್ ಹೇಳುತ್ತದೆ. ಮುನ್ನೂರು ಕೊಪ್ಪರಿಗೆ! ನಮ್ಮ ಕೂಟದಲ್ಲಿ ಒಂದು ಪ್ರಶ್ನೆಗೆ ಹತ್ತು ನಿಮಿಷವೂ ಸಿಗಲಿಲ್ಲ.

ಅವನು ಹೇಗೆ ಹೊಂದಿಸಿದನೋ, ನಮಗೆ ನಮ್ಮ ಲೈನುಗಳಲ್ಲಿ ಎರಡೂ ನಿಜವಾಗಿ ಕಾಣುತ್ತವೆ. ಅಜ್ಜ ಸಾಲ ಮಾಡಿ ಸತ್ತರೆ ಮೊಮ್ಮಗ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ್ದನ್ನು ಕಂಡಿದ್ದೇವೆ. ಮುಂಗಡ ಕೊಟ್ಟು ಬಯಲು ಸೀಮೆಯಿಂದ ಆಳು ತಂದ ಕಂಗಾಣಿಗಳ ಕಾಲದಲ್ಲಿ ಬೆಟ್ಟ ಹತ್ತಿ ಬಂದವರ ಮೊಮ್ಮಕ್ಕಳು ನಮ್ಮಲ್ಲಿ ಎಷ್ಟು ಜನ ಇಲ್ಲ? ಮೂರು ನಾಲ್ಕು ತಲೆ ಎಂಬುದು ನಮಗೆ ಬರೀ ಓದಿನ ಮಾತಲ್ಲ. ವಿಮೋಚನಕಾಂಡದ ಮಾತು ತಂದೆಗಳಿಗೆ ಕೊಟ್ಟ ಎಚ್ಚರಿಕೆ: ನೀನು ಮಾಡಿದ್ದು ನಿನ್ನಲ್ಲಿಗೇ ನಿಲ್ಲುವುದಿಲ್ಲ, ನೋಡಿಕೊಂಡು ನಡೆ ಎಂದು. ಅದನ್ನು ಓದಬೇಕಾದವನು ಆ ಗಂಡಸು. ಯೆಹೆಜ್ಕೇಲನ ಮಾತು ಮಕ್ಕಳಿಗೂ ಅವರ ಸುತ್ತ ಕೂತಿರುವ ಸಭೆಗೂ. ತಂದೆಗೆ ಹೇಳಬೇಕಾದ್ದನ್ನು ಮಗಳ ಮುಂದೆ ಓದಿದರೆ ವಾಕ್ಯ ನಿಜವಾದರೂ ನ್ಯಾಯ ಸುಳ್ಳಾಗುತ್ತದೆ.

ಇಂಥ ವಿರೋಧಗಳಿಂದ ಬೇಸತ್ತು ಕತ್ತರಿ ಹಿಡಿದವರೂ ಸಭೆಯ ಚರಿತ್ರೆಯಲ್ಲಿ ಇದ್ದಾರೆ. ಎರಡನೆಯ ಶತಮಾನದ ಮಾರ್ಸಿಯೊನ್ ಎಂಬವನು ಕಪ್ಪು ಸಮುದ್ರದ ದಂಡೆಯವನು, ಹಡಗಿನ ವ್ಯಾಪಾರಿ. ಹಳೆಯ ಒಡಂಬಡಿಕೆಗೂ ಸುವಾರ್ತೆಗೂ ಇರುವ ವಿರೋಧಗಳನ್ನು ಸಾಲಾಗಿ ಜೋಡಿಸಿ ಒಂದು ಪುಸ್ತಕವನ್ನೇ ಬರೆದನು. ಕಡೆಗೆ ಹಳೆಯ ಒಡಂಬಡಿಕೆಯನ್ನು ಪೂರ್ತಿ ಬಿಟ್ಟು, ಲೂಕನ ಸುವಾರ್ತೆಯನ್ನೂ ಕತ್ತರಿಸಿ, ಪೌಲನ ಹತ್ತು ಪತ್ರಿಕೆ ಇಟ್ಟುಕೊಂಡನು. 144ರಲ್ಲಿ ರೋಮಾಪುರದ ಸಭೆ ಅವನನ್ನು ಹೊರಗೆ ಹಾಕಿತು. ಅವನ ಸಂಗ್ರಹದಲ್ಲಿ ಎಲ್ಲಕ್ಕಿಂತ ಮೊದಲು ಇದ್ದದ್ದು ಗಲಾತ್ಯದವರ ಪತ್ರಿಕೆಯೇ. ಸುಮಾರು 170ರಲ್ಲಿ ತಾತಿಯಾನ್ ಎಂಬ ಇನ್ನೊಬ್ಬನು ಬೇರೆ ದಾರಿ ಹಿಡಿದನು. ನಾಲ್ಕು ಸುವಾರ್ತೆಗಳನ್ನು ಹೆಣೆದು ಒಂದೇ ಮಾಡಿದನು. ಕೆಟ್ಟ ಕೆಲಸವಲ್ಲ, ಸಿರಿಯಾದ ಸಭೆಗಳು ಐದನೆಯ ಶತಮಾನದವರೆಗೂ ಅದನ್ನು ಪ್ರೀತಿಯಿಂದ ಓದಿದವು. ಕಡೆಗೆ ಥಿಯೊಡೊರೆತ್ ಎಂಬ ಬಿಷಪರು ತಮ್ಮ ಪ್ರಾಂತದಲ್ಲಿ ಅದರ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ಕೂಡಿಸಿ ತೆಗೆದಿಟ್ಟು, ನಾಲ್ಕು ಸುವಾರ್ತೆಗಳನ್ನೇ ಮತ್ತೆ ಕೊಟ್ಟರು. ಸಭೆಯು ಒಂದೇ ಬಾಯಿಯ ಪುಸ್ತಕಕ್ಕಿಂತ ನಾಲ್ಕು ಬಾಯಿಯ ಪುಸ್ತಕವನ್ನು ಆರಿಸಿಕೊಂಡಿತು, ಅದರ ತೊಡಕುಗಳ ಸಮೇತ.

ನಾಲ್ಕು ಬಾಯಿ ಏಕೆ ಬೇಕು ಎಂಬುದಕ್ಕೆ ನಮಗೆ ತೀರ ಹತ್ತಿರದ ಒಂದು ಸಾಕ್ಷಿ ಹೇಳುತ್ತೇವೆ. ಬಡವರು ಯಾವಾಗಲೂ ನಿಮ್ಮ ಸಂಗಡ ಇರುತ್ತಾರೆ ಎಂದು ಯೇಸು ಹೇಳಿದ ಮಾತನ್ನು ಯಾರು ಕೇಳಿಲ್ಲ? ಕೂಲಿ ಹೆಚ್ಚಿಸಬೇಕು ಎಂದಾಗ, ಲೈನಿನ ಮಾಡು ಸೋರುತ್ತದೆ ಎಂದಾಗ, ಬೈಬಲನ್ನು ಮತ್ತೆಂದೂ ತೆರೆಯದವರ ಬಾಯಲ್ಲೂ ಈ ಮಾತು ಬಂದದ್ದನ್ನು ನಾವು ಕೇಳಿದ್ದೇವೆ. ಮತ್ತಾಯನಲ್ಲೂ ಯೋಹಾನನಲ್ಲೂ ಆ ಮಾತು ಅಷ್ಟಕ್ಕೇ ನಿಲ್ಲುತ್ತದೆ. ಮಾರ್ಕನ 14ನೆಯ ಅಧ್ಯಾಯದ 7ನೆಯ ವಚನದಲ್ಲಿ ಮಾತ್ರ ನಡುವೆ ಇನ್ನೊಂದು ಎಳೆ ಇದೆ: ನಿಮಗೆ ಮನಸ್ಸು ಬಂದಾಗೆಲ್ಲ ಅವರಿಗೆ ಒಳ್ಳೆಯದು ಮಾಡಬಹುದು ಎಂದು. ಅಂದರೆ ತಡೆ ಇರುವುದು ಮನಸ್ಸಿನಲ್ಲಿ! ಇನ್ನು ಯೇಸು ಈ ಮಾತನ್ನು ಎತ್ತಿಕೊಂಡ ಮೂಲಕ್ಕೆ ಹೋದರೆ, ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದಲ್ಲಿ ಮತ್ತೆ ಅದೇ ತೊಡಕು. ನಾಲ್ಕನೆಯ ವಚನ ನಿಮ್ಮಲ್ಲಿ ಬಡವರು ಇರಬಾರದು ಎನ್ನುತ್ತದೆ, ಹನ್ನೊಂದನೆಯದು ದೇಶದಲ್ಲಿ ಬಡವರು ಇಲ್ಲದೆ ಹೋಗುವುದಿಲ್ಲ ಎನ್ನುತ್ತದೆ. ಆ ಅಧ್ಯಾಯದಲ್ಲಿರುವುದು ಏನು? ಏಳು ವರ್ಷಕ್ಕೊಮ್ಮೆ ಸಾಲ ಬಿಟ್ಟುಬಿಡಬೇಕೆಂಬ ಕಟ್ಟಳೆ. ಬಿಡುಗಡೆಯ ವರ್ಷ ಹತ್ತಿರ ಬಂತು, ಈಗ ಕೊಟ್ಟರೆ ಹಣ ಹೋದಂತೆಯೇ ಎಂದು ಲೆಕ್ಕ ಹಾಕಿ ಬಡವನ ಮೇಲೆ ಕಣ್ಣು ಕೆಂಪಗೆ ಮಾಡುವವನಿಗೆ ಗದರಿಕೆ. ಬಡವರು ಇರುತ್ತಾರೆ ಎಂದ ಮೇಲೆ ಮುಂದಿನ ಮಾತೇ, ಆದಕಾರಣ ಕೈ ಬಿಚ್ಚು ಎಂಬುದು. ‘ಆದಕಾರಣ ಕೈ ಮುಚ್ಚು’ ಎಂದು ಓದಿದವರು ಯಾವ ಬೈಬಲಿನಲ್ಲಿ ಓದಿದರೋ.

ಎಲ್ಲ ತೊಡಕುಗಳೂ ಹೀಗೆ ಬಿಡುತ್ತವೆ ಎಂದು ಹೇಳಿ ಆ ಹುಡುಗನಿಗೆ ಮೋಸ ಮಾಡಲು ನಮಗೆ ಮನಸ್ಸಿಲ್ಲ. ಕೂಟದಿಂದ ಹೋದ ಮೇಲೆ ಅವನನ್ನು ನಾವು ಮನೆಯಲ್ಲಿ ಕಂಡೆವು. ಒಂದು ನೋಟು ಪುಸ್ತಕದಲ್ಲಿ ಇಂಥವನ್ನು ಪಟ್ಟಿ ಮಾಡಿ ಇಟ್ಟಿದ್ದಾನೆ. ಮೊದಲನೆಯದೇ ದಾವೀದನು ಜನಗಣತಿ ಮಾಡಿಸಿದ್ದು. 2 ಸಮುವೇಲ 24ರಲ್ಲಿ ಹಾಗೆ ಪ್ರೇರಿಸಿದ್ದು ಯೆಹೋವನ ಕೋಪ, 1 ಪೂರ್ವಕಾಲವೃತ್ತಾಂತ 21ರಲ್ಲಿ ಸೈತಾನ. ಅಲ್ಲಿ ಇಸ್ರಾಯೇಲಿನ ಭಟರು 8 ಲಕ್ಷ, ಯೆಹೂದದವರು 5 ಲಕ್ಷ. ಇಲ್ಲಿ 11 ಲಕ್ಷ ಮತ್ತು 4 ಲಕ್ಷ 70 ಸಾವಿರ. ಕಣ ಕೊಂಡದ್ದಕ್ಕೆ ಅಲ್ಲಿ 50 ಬೆಳ್ಳಿ ಶೆಕೆಲ್, ಇಲ್ಲಿ 600 ಚಿನ್ನದ ಶೆಕೆಲ್. ಎಲೆಯ ತೂಕದಲ್ಲಿ ಅರ್ಧ ಕಿಲೋ ಹೋಯಿತೆಂದು ರೈಟರ ಹತ್ತಿರ ವಾದಕ್ಕೆ ನಿಲ್ಲುವ ನಾವು ಇದನ್ನು ಒಂದೇ ಲೆಕ್ಕ ಎನ್ನಲು ಆಗುತ್ತದೆಯೇ? ಇವನ್ನು ಕೂಡಿಸಿ ಕಳೆದು ಸರಿದೂಗಿಸಿ ತೋರಿಸುವ ವಿವರಣೆಗಳನ್ನು ಓದಿದ್ದೇವೆ, ನಮಗೆ ಒಪ್ಪಿಗೆಯಾಗಲಿಲ್ಲ. ಎರಡನೆಯ ಪುಸ್ತಕ ಬರೆದದ್ದು ಸೆರೆವಾಸದ ನಂತರದ ಕಾಲದಲ್ಲಿ. ಬರೆದವನ ಮನಸ್ಸಿನಲ್ಲಿ ಆ ಕಣ ಮುಂದೆ ದೇವಾಲಯ ನಿಂತ ಜಾಗ. ಕೆಟ್ಟದ್ದಕ್ಕೆ ದೇವರನ್ನು ಕಾರಣ ಮಾಡಲು ಅವನ ನಾಲಿಗೆ ಹಿಂಜರಿದಿದೆ. ಒಂದೇ ಮನೆಯ ಅಜ್ಜ ಒಂದು ಬಗೆಯಲ್ಲಿ ಹೇಳಿದ್ದನ್ನು ಮೊಮ್ಮಗ ಬೇರೆ ಬಗೆಯಲ್ಲಿ ಹೇಳುವುದುಂಟು. ಸಭೆ ಎರಡನ್ನೂ ಇಟ್ಟುಕೊಂಡಿತು, ತಿದ್ದಲಿಲ್ಲ. ಹುಡುಗನಿಗೆ ಇಷ್ಟನ್ನೇ ಹೇಳಿದೆವು. ಅವನು ಒಪ್ಪಲಿಲ್ಲ. ಆದರೆ ಚಹಾ ಕುಡಿಯುವವರೆಗೂ ಕೂತು ಮಾತಾಡಿದ. ಅವನ ತಾಯಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು.

ದಾವೀದನ ಲೆಕ್ಕ 8 ಲಕ್ಷವಾದರೂ 11 ಲಕ್ಷವಾದರೂ ನಮ್ಮ ಲೈನಿನಲ್ಲಿ ಯಾರ ಒಲೆಯೂ ಆರುವುದಿಲ್ಲ. ಗಲಾತ್ಯದವರ ಆರನೆಯ ಅಧ್ಯಾಯ ಹಾಗಲ್ಲ. ಅದರಲ್ಲಿ ಯಾವ ವಚನ ಓದಿ ಯಾವುದನ್ನು ಬಿಟ್ಟೆವು ಎಂಬುದರ ಮೇಲೆ ಒಂದು ಹುಡುಗಿ ನರ್ಸ್ ಆಗುವುದೋ, ಅಮ್ಮನ ಜೊತೆ ಎಲೆ ಕೀಳಲು ಬರುವುದೋ ನಿಂತಿದೆ. ಅದಕ್ಕಾಗಿ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇವೆ. ನಿಧಿಯಿಂದ ಫೀಸು ಕೊಡಬೇಕು. ಸಾಲವಾಗಿ ಬೇಡ, ಸಹಾಯವಾಗಿಯೇ. ತಂದೆಯ ಕೈಗೆ ಬೇಡ. ಇಬ್ಬರು ಹೋಗಿ ಕಾಲೇಜಿನಲ್ಲಿ ಕಟ್ಟಿ ರಸೀದಿ ತರಲಿ. ಇದರಲ್ಲಿ ಅವನಿಗೆ ಅವಮಾನವೇನೂ ಇಲ್ಲ, ಅವನೇ ಹಾಗೆ ಮಾಡಿರಿ ಎಂದು ನಮ್ಮೊಡನೆ ಹೇಳಿದ್ದಾನೆ. ಕುಡಿತ ಬಿಟ್ಟವರು ನಮ್ಮಲ್ಲಿ ಮೂರು ನಾಲ್ಕು ಜನ ಇದ್ದಾರೆ. ಸಂಬಳದ ದಿನ ಸಂಜೆ ಅವರಲ್ಲಿ ಒಬ್ಬರಾದರೂ ಅವನ ಜೊತೆ ಅಂಗಡಿಯ ದಾರಿ ದಾಟುವವರೆಗೆ ನಡೆಯಲಿ. ಅದಕ್ಕೆ ನಿಧಿಯಿಂದ ಒಂದು ಪೈಸೆಯೂ ಬೇಡ.

ಹಿರಿಯರಿಗೆ ಇದು ಒಪ್ಪಿಗೆಯಾಗದಿದ್ದರೆ ಅವರ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಹಾಕುತ್ತೇವೆ. ಆದರೆ ಅದಕ್ಕೂ ಮೊದಲು ಈ ತಿಂಗಳ ಕಡೇ ಭಾನುವಾರ ಕೂಟವಿದೆ. ಅಂದು ಗಲಾತ್ಯದವರ ಪತ್ರಿಕೆಯ ಆರನೆಯ ಅಧ್ಯಾಯವನ್ನು ಮೊದಲನೆಯ ವಚನದಿಂದ ಹತ್ತನೆಯ ವಚನದವರೆಗೆ ನಿಲ್ಲಿಸದೆ ಓದಬೇಕೆಂದು ಕೇಳಿಕೊಂಡಿದ್ದೇವೆ. ಓದಲು ಆ ಹುಡುಗನನ್ನೇ ಕರೆದಿದ್ದೇವೆ, ಬರುತ್ತೇನೆಂದಿದ್ದಾನೆ. ಓದಿದ ಮೇಲೆ ಕೈ ಎತ್ತಿ ತೀರ್ಮಾನ. ಕನ್ನಡ, ತಮಿಳು, ಮಲಯಾಳ ಯಾವ ಬೈಬಲಾದರೂ ಸರಿ, ಎಲ್ಲರೂ ತೆಗೆದುಕೊಂಡು ಬನ್ನಿರಿ.

ಫೀಸು ಕಟ್ಟಲು ಕಡೇ ದಿನ ಅದರ ಮೇಲಿನ ಬುಧವಾರ.